ಕಮಾಡೊ ಒಲೆಯ ಬೂದಿ ತೆಗೆಯುವಿಕೆ

ಕಮಾಡೊ ಒಲೆಯ ಬೂದಿ ತೆಗೆಯುವಿಕೆ ಎಂಬುದು ಇದ್ದಿಲಿನಿಂದ ಉರಿಯುವ, ದಪ್ಪ ಗೋಡೆಯ ಸೆರಾಮಿಕ್ ಒಲೆಯ ತಳದಲ್ಲಿ ಸಂಗ್ರಹವಾಗುವ ಬೂದಿಯನ್ನು ನಿಯತವಾಗಿ ಹೊರತೆಗೆಯುವ ನಿರ್ವಹಣಾ ಕಾರ್ಯವಾಗಿದೆ. ಈ ಒಲೆಯಲ್ಲಿ ಉರಿಯನ್ನು ಹೆಚ್ಚಿಸುವುದೂ ತಗ್ಗಿಸುವುದೂ ಗಾಳಿಯ ಹರಿವಿನ ಮೂಲಕವೇ ನಡೆಯುತ್ತದೆ. ಬೂದಿ ತುಂಬಿದಾಗ ಗಾಳಿಯ ದಾರಿ ಮುಚ್ಚಿಹೋಗಿ ಒಲೆಯು ಬೇಕಾದ ಶಾಖವನ್ನು ತಲುಪುವುದಿಲ್ಲ. ತೆಗೆದ ಬೂದಿಯಲ್ಲಿ ಜೀವಂತ ಕೆಂಡ ಉಳಿದಿದ್ದರೆ ಬೆಂಕಿ ಅನಾಹುತಕ್ಕೂ ಅದು ಕಾರಣವಾಗಬಲ್ಲದು.

ಹಿನ್ನೆಲೆ

ಜಪಾನಿ ಭಾಷೆಯಲ್ಲಿ 'ಕಮಾಡೊ' ಎಂದರೆ ಅಡುಗೆಯ ಒಲೆ ಎಂದರ್ಥ. ಅನ್ನ ಬೇಯಿಸಲು ಅಲ್ಲಿ ಬಳಕೆಯಲ್ಲಿದ್ದ 'ಮುಶಿಕಮಾಡೊ' ಎಂಬ ಮುಚ್ಚಳವುಳ್ಳ ಮಣ್ಣಿನ ಒಲೆಯೇ ಇಂದಿನ ಕಮಾಡೊ ಒಲೆಯ ಮೂಲರೂಪ. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿದ್ದ ಅಮೆರಿಕದ ಸೈನಿಕರು ಇಂತಹ ಒಲೆಗಳನ್ನು ತಮ್ಮ ದೇಶಕ್ಕೆ ಕೊಂಡೊಯ್ದರು. ಅಲ್ಲಿ ಅವು ಮಾಂಸ ಸುಡುವ ಹಾಗೂ ಹೊಗೆಯಲ್ಲಿ ಬೇಯಿಸುವ ಸಾಧನಗಳಾಗಿ ಜನಪ್ರಿಯವಾದವು. 1974ರಲ್ಲಿ ಎಡ್ ಫಿಶರ್ ಅವರು ಅಟ್ಲಾಂಟಾದಲ್ಲಿ ಆರಂಭಿಸಿದ 'ಬಿಗ್ ಗ್ರೀನ್ ಎಗ್' ಸಂಸ್ಥೆಯು ಈ ಬಗೆಯ ಒಲೆಗಳ ಪ್ರಸಿದ್ಧ ತಯಾರಕ ಸಂಸ್ಥೆಗಳಲ್ಲೊಂದು. ಹಿಂದಿನ ಮಣ್ಣಿನ ಒಲೆಗಳು ಸುಲಭವಾಗಿ ಬಿರುಕು ಬಿಡುತ್ತಿದ್ದುದರಿಂದ ಕಾಲಕ್ರಮೇಣ ಅವುಗಳ ಸ್ಥಾನದಲ್ಲಿ ಹೆಚ್ಚು ಶಾಖ ತಾಳುವ ಸೆರಾಮಿಕ್ ಬಳಕೆಗೆ ಬಂದಿತು.

ರಚನೆ ಮತ್ತು ಗಾಳಿಯ ಹರಿವು

ಒಲೆಯ ಕೆಳಭಾಗದಲ್ಲಿ ಒಂದು ಗಾಳಿಕಿಂಡಿಯೂ ಮುಚ್ಚಳದ ತುದಿಯಲ್ಲಿ ಇನ್ನೊಂದು ಕಿಂಡಿಯೂ ಇರುತ್ತವೆ. ಒಳಗಿನ ಬಿಸಿಗಾಳಿ ಮೇಲಿನ ಕಿಂಡಿಯಿಂದ ಹೊರಹೋದಂತೆ ಕೆಳಗಿನ ಕಿಂಡಿಯಿಂದ ಹೊಸ ಗಾಳಿ ಒಳಬರುತ್ತದೆ. ಇದ್ದಿಲನ್ನು ಒಲೆಯೊಳಗಿನ ಒಂದು ಪ್ರತ್ಯೇಕ ಬೆಂಕಿಕುಂಡದಲ್ಲಿ ತುಂಬಲಾಗುತ್ತದೆ. ಕುಂಡದ ತಳದಲ್ಲಿ ರಂಧ್ರಗಳಿರುವ ತಟ್ಟೆ ಅಥವಾ ಜಾಲರಿ ಇದ್ದು, ಒಳಬಂದ ಗಾಳಿ ಅದರ ಮೂಲಕ ಇದ್ದಿಲನ್ನು ಸೇರುತ್ತದೆ. ಉರಿದುಳಿದ ಬೂದಿಯೂ ಇದೇ ರಂಧ್ರಗಳಿಂದ ಕೆಳಗೆ ಬೀಳುತ್ತದೆ.

ಹೀಗೆ ಗಾಳಿ ಬರುವ ದಾರಿಯೂ ಬೂದಿ ಬೀಳುವ ದಾರಿಯೂ ಒಂದೇ ಆಗಿರುವುದೇ ತೊಡಕಿಗೆ ಮೂಲ. ತಳದ ಬೂದಿಯ ರಾಶಿ ಜಾಲರಿಯ ಮಟ್ಟಕ್ಕೆ ಬೆಳೆದರೆ, ಅಥವಾ ಸಣ್ಣ ಇದ್ದಿಲ ಚೂರುಗಳು ರಂಧ್ರಗಳಲ್ಲಿ ಸಿಲುಕಿಕೊಂಡರೆ, ಎರಡೂ ಕಿಂಡಿಗಳನ್ನು ಪೂರ್ತಿ ತೆರೆದರೂ ಉರಿ ಏರುವುದಿಲ್ಲ. ಹಲವು ಗಂಟೆಗಳ ಕಾಲ ಮಂದ ಉರಿಯಲ್ಲಿ ಬೇಯಿಸುವಾಗ ಬೆಂಕಿ ನಡುವೆಯೇ ಆರಿಹೋಗಬಹುದು. ಬೆಂಕಿಕುಂಡ ಮತ್ತು ಹೊರಗೋಡೆಯ ನಡುವಿನ ಕಿರಿದಾದ ಸಂದಿಯಲ್ಲಿಯೂ ಬೂದಿ ಸೇರುತ್ತದೆ. ಇದು ಮೇಲ್ನೋಟಕ್ಕೆ ಕಾಣುವುದಿಲ್ಲ.

ಬೂದಿಯ ಸ್ವರೂಪ

ಬೂದಿಯು ಮರದಲ್ಲಿದ್ದ ಖನಿಜಾಂಶಗಳ ಶೇಷ. ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಪ್ರಧಾನವಾಗಿದ್ದು, ಪೊಟ್ಯಾಸಿಯಂ, ಮೆಗ್ನೀಸಿಯಂ ಮತ್ತು ರಂಜಕದ ಸಂಯುಕ್ತಗಳೂ ಇರುತ್ತವೆ. ಸಾರಜನಕವು ಉರಿಯುವಾಗಲೇ ಅನಿಲವಾಗಿ ಹೊರಟುಹೋಗುತ್ತದೆ. ಬೂದಿಯ ಪ್ರಮಾಣವು ಇಂಧನವನ್ನು ಅವಲಂಬಿಸಿದೆ. ಇದ್ದಿಲ ಪುಡಿಯನ್ನು ಅಂಟಿನೊಡನೆ ಒತ್ತಿ ತಯಾರಿಸಿದ ಉಂಡೆಗಳು ಮರದ ಇದ್ದಿಲಿಗಿಂತ ಹೆಚ್ಚು ಬೂದಿಯನ್ನು ಉಳಿಸುತ್ತವೆ. ಐರೋಪ್ಯ ಮಾನದಂಡವಾದ ಇಎನ್ 1860-2ರ ಪ್ರಕಾರ ಮರದ ಇದ್ದಿಲಿನಲ್ಲಿ ಬೂದಿಯು ಶೇ. 8ನ್ನೂ, ಒತ್ತಿದ ಉಂಡೆಗಳಲ್ಲಿ ಶೇ. 18ನ್ನೂ ಮೀರಬಾರದು. ಕಮಾಡೊ ಒಲೆಗೆ ಮರದ ಇದ್ದಿಲ ತುಂಡುಗಳನ್ನೇ ಶಿಫಾರಸು ಮಾಡಲು ಇದೂ ಒಂದು ಕಾರಣ.

ಬೂದಿ ತೆಗೆಯುವ ವಿಧಾನ

ಅಡುಗೆ ಮುಗಿದ ಮೇಲೆ ಎರಡೂ ಗಾಳಿಕಿಂಡಿಗಳನ್ನು ಮುಚ್ಚಿದರೆ ಆಮ್ಲಜನಕವಿಲ್ಲದೆ ಬೆಂಕಿ ಆರುತ್ತದೆ ಮತ್ತು ಉಳಿದ ಇದ್ದಿಲು ಮರುಬಳಕೆಗೆ ದೊರೆಯುತ್ತದೆ. ದಪ್ಪ ಗೋಡೆಯು ಶಾಖವನ್ನು ಬಹಳ ಹೊತ್ತು ಹಿಡಿದಿಡುವುದರಿಂದ ಒಲೆ ಪೂರ್ತಿ ತಣಿಯುವವರೆಗೆ, ಸಾಮಾನ್ಯವಾಗಿ ಮರುದಿನದವರೆಗೆ, ಕಾಯಬೇಕು. ಆನಂತರದ ಕ್ರಮ ಹೀಗಿದೆ:

1. ಉಳಿದ ಇದ್ದಿಲನ್ನು ಕೋಲಿನಿಂದ ಕಲಕಿದಾಗ ಅದಕ್ಕೆ ಅಂಟಿದ ಬೂದಿ ಜಾಲರಿಯ ಮೂಲಕ ಕೆಳಗೆ ಬೀಳುತ್ತದೆ.
2. ಕೆಳಗಿನ ಕಿಂಡಿಯನ್ನು ತೆರೆದು, ಅದರ ಬಾಯಿಗೆ ಲೋಹದ ತಟ್ಟೆಯನ್ನು ಹಿಡಿದು, ಉದ್ದ ಹಿಡಿಯ ಗೋರುಕೋಲಿನಿಂದ ಬೂದಿಯನ್ನು ನಿಧಾನವಾಗಿ ಎಳೆದುಕೊಳ್ಳಬೇಕು.
3. ಜಾಲರಿಯ ರಂಧ್ರಗಳಲ್ಲಿ ಸಿಲುಕಿದ ಚೂರುಗಳನ್ನು ಕಡ್ಡಿಯಿಂದ ಬಿಡಿಸಬೇಕು.
4. ಕೆಲವು ತಿಂಗಳಿಗೊಮ್ಮೆ ಬೆಂಕಿಕುಂಡವನ್ನೇ ಎತ್ತಿ ಹೊರಗಿಟ್ಟು, ಸಂದಿಯ ಬೂದಿಯನ್ನು ಗುಡಿಸಬೇಕು. ಮರಳಿ ಇಡುವಾಗ ಕುಂಡದ ಬಾಯಿ ಕೆಳಗಿನ ಕಿಂಡಿಗೆ ನೇರವಾಗಿರಬೇಕು. ಇಲ್ಲವಾದರೆ ಗಾಳಿಯ ಹರಿವು ಕುಂಠಿತವಾಗುತ್ತದೆ.

ಒಲೆಯ ಒಳಭಾಗವನ್ನು ನೀರು ಅಥವಾ ಸಾಬೂನಿನಿಂದ ತೊಳೆಯುವುದು ಸೂಕ್ತವಲ್ಲ. ಸೂಕ್ಷ್ಮ ರಂಧ್ರಗಳುಳ್ಳ ಸೆರಾಮಿಕ್ ನೀರನ್ನು ಹೀರಿಕೊಳ್ಳುತ್ತದೆ. ಮುಂದೆ ಒಲೆಯನ್ನು ಒಮ್ಮೆಲೇ ಕಾಯಿಸಿದಾಗ ಆ ನೀರು ಆವಿಯಾಗಿ ಬಿರುಕು ಉಂಟುಮಾಡಬಹುದು. ಒದ್ದೆಯಾದ ಬೂದಿ ಗಟ್ಟಿಯಾಗಿ ಅಂಟಿಕೊಳ್ಳುವುದಲ್ಲದೆ, ಅದರಿಂದ ಹೊರಡುವ ಕ್ಷಾರದ್ರಾವಣ ಚರ್ಮವನ್ನು ಕೆರಳಿಸುತ್ತದೆ. ಆದ್ದರಿಂದ ಮಳೆನೀರು ಒಳಸೇರದಂತೆ ಒಲೆಯನ್ನು ಮುಚ್ಚಿಡಬೇಕು.

ಸುರಕ್ಷತೆ

ಬೂದಿಯು ಶಾಖವನ್ನು ಸುಲಭವಾಗಿ ಹೊರಬಿಡುವುದಿಲ್ಲ. ಅದರಡಿ ಹುದುಗಿದ ಕೆಂಡ ಹೊರಗಿನಿಂದ ತಣ್ಣಗೆ ತೋರಿದರೂ ಒಂದೆರಡು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಜೀವಂತವಾಗಿರಬಲ್ಲದು. ಇಂತಹ ಬೂದಿಯನ್ನು ಪ್ಲಾಸ್ಟಿಕ್ ಬುಟ್ಟಿ, ಕಾಗದದ ಚೀಲ ಅಥವಾ ಒಣಕಸದ ರಾಶಿಗೆ ಸುರಿಯುವುದು ಮನೆಗಳಿಗೆ ಬೆಂಕಿ ತಗಲುವ ತಿಳಿದಿರುವ ಕಾರಣಗಳಲ್ಲೊಂದು. ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿ ಬೂದಿಯನ್ನು ತುಂಬಿ, ಮನೆಯಿಂದ ಹಾಗೂ ಮರದ ಜಗಲಿಯಿಂದ ದೂರವಾಗಿ, ಬರಿನೆಲದ ಮೇಲೆ ಇಡಬೇಕು. ಸಾಧಾರಣ ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ಒಳಗಿನ ಚೀಲಕ್ಕೆ ಕಿಡಿ ತಗಲಬಹುದು. ಬೂದಿಗೆಂದೇ ತಯಾರಾದ ಯಂತ್ರಗಳು ಪ್ರತ್ಯೇಕವಾಗಿವೆ.

ಪೂರ್ತಿ ಆರದ ಇದ್ದಿಲು ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಹೊರಸೂಸುತ್ತದೆ. ಆದಕಾರಣ ಒಲೆಯನ್ನಾಗಲಿ ಬಿಸಿ ಬೂದಿಯ ಡಬ್ಬಿಯನ್ನಾಗಲಿ ಮನೆಯೊಳಗೆ ಅಥವಾ ಮುಚ್ಚಿದ ಗ್ಯಾರೇಜಿನಲ್ಲಿ ಇಡಬಾರದು. ಬೂದಿಯ ನುಣುಪಾದ ಧೂಳು ಉಸಿರಾಟಕ್ಕೆ ತೊಂದರೆ ಕೊಡುವುದರಿಂದ ಮುಖಗವಸು ಮತ್ತು ಕೈಗವಸು ಧರಿಸುವುದು ಒಳಿತು.

ಬೂದಿಯ ಬಳಕೆ

ಶುದ್ಧ ಮರದ ಇದ್ದಿಲಿನ ಬೂದಿಯನ್ನು ಸುಣ್ಣದಂತೆ ಮಣ್ಣಿನ ಆಮ್ಲೀಯತೆಯನ್ನು ತಗ್ಗಿಸಲು ಮಿತಪ್ರಮಾಣದಲ್ಲಿ ಬಳಸಬಹುದು. ಚಹಾದಂತಹ, ಆಮ್ಲೀಯ ಮಣ್ಣನ್ನು ಬಯಸುವ ಗಿಡಗಳಿಗೆ ಇದು ಹೊಂದುವುದಿಲ್ಲ. ಅಮೋನಿಯಂ ಗೊಬ್ಬರಗಳೊಡನೆ ಬೆರೆಸಿದರೆ ಸಾರಜನಕವು ಅಮೋನಿಯಾ ಅನಿಲವಾಗಿ ನಷ್ಟವಾಗುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಸೌದೆ ಒಲೆಯ ಬೂದಿಯಿಂದ ಪಾತ್ರೆ ಬೆಳಗುವ, ಕಾಳುಗಳಿಗೆ ಹುಳು ಬೀಳದಂತೆ ಬೂದಿ ಬೆರೆಸಿಡುವ ರೂಢಿ ಹಿಂದಿನಿಂದಲೂ ಇದೆ. ಆದರೆ ಮಾಂಸ ಸುಟ್ಟ ಒಲೆಯ ಬೂದಿಯಲ್ಲಿ ತೊಟ್ಟಿಕ್ಕಿದ ಕೊಬ್ಬು ಮತ್ತು ಉಪ್ಪು ಸೇರಿರುತ್ತವೆ. ಇಂತಹ ಬೂದಿಯನ್ನೂ, ರಾಸಾಯನಿಕ ಬೆರೆತ ಉಂಡೆಗಳ ಬೂದಿಯನ್ನೂ ಈ ಕೆಲಸಗಳಿಗೆ ಬಳಸದೆ, ಪೂರ್ತಿ ತಣಿದ ಮೇಲೆ ಕಸದೊಡನೆ ವಿಲೇವಾರಿ ಮಾಡಲಾಗುತ್ತದೆ.