ಮುಳ್ಳು ಕುಣಿದರೆ ಇಂಜಿನ್ನು ಕಾದಂತೆಯೇ?

ಊರಿನಿಂದ ದೂರ ನೆಲೆಸಿದ ನಮ್ಮವರ ಮನೆಗಳಲ್ಲಿ ಹಳೆಯ ಮೋಟಾರಿಗೆ ಒಂದು ವಿಶೇಷವಾದ ಸ್ಥಾನವುಂಟು. ನಿತ್ಯದ ಓಡಾಟಕ್ಕೆ ಲೋಕಲ್ ಗಾಡಿ ಇದೆ, ಬಸ್ಸಿದೆ, ಈಗ ಮೆಟ್ರೋ ಕೂಡ ಇದೆ. ಮೋಟಾರು ಹೊರಬೀಳುವುದು ವರ್ಷಕ್ಕೆ ಎರಡೋ ಮೂರೋ ಸಲ. ಬೇಸಿಗೆಯ ರಜೆಗೆ, ಊರ ಜಾತ್ರೆಗೆ, ಬಳಗದಲ್ಲಿ ಮದುವೆ ಮುಂಜಿ ಕೂಡಿಬಂದಾಗ. ಮುಂಬಯಿಯಿಂದ ಹೊರಟು ಖಂಡಾಳದ ಘಾಟು ಏರಿ, ಪುಣೆ ದಾಟಿ, ಖಂಬಾಟ್ಕಿಯನ್ನೂ ಹತ್ತಿ ಇಳಿದು, ಬೆಳಗಾವಿ ಧಾರವಾಡಗಳ ಹಾದಿ ಹಿಡಿಯುವ ಆ ಗಾಡಿಯಲ್ಲಿ ವಯಸ್ಸಾದ ತಾಯಿತಂದೆಗಳಿರುತ್ತಾರೆ, ನಿದ್ದೆಗಣ್ಣಿನ ಮಕ್ಕಳಿರುತ್ತಾರೆ, ಹಿಂದೆ ತುಂಬ ಸಾಮಾನಿರುತ್ತದೆ. ಅಂಥ ಏರಿನಲ್ಲಿ ಎದುರಿನ ಫಲಕದ ಉಷ್ಣಮಾಪಕದ ಮುಳ್ಳು ಥಟ್ಟನೆ ಕೆಂಪು ಗೆರೆಯತ್ತ ನೆಗೆದು, ಸ್ವಲ್ಪ ಹೊತ್ತಿನಲ್ಲೇ ತಳಕ್ಕೆ ಬಿದ್ದರೆ ಏನು ಮಾಡಬೇಕು? ನಿಲ್ಲಿಸಬೇಕೇ, ಮುಂದೆ ಸಾಗಬೇಕೇ?

ಹಗಲೆಲ್ಲ ಕಚೇರಿಯಲ್ಲಿ ಕಡತ ತಿರುವುವ ನಮಗೆ ಭಾನುವಾರ ಬಂದರೆ ಯಾರದಾದರೂ ಗಾಡಿಯ ಬಾನೆಟ್ಟು ತೆರೆದು ನೋಡುವ ಚಪಲ. ಆದಕಾರಣ ಸಂಘದ ಬಳಗದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ನಮ್ಮ ಪಾಲಿಗೆ ಬರುತ್ತದೆ. ಉತ್ತರವನ್ನು ಒಮ್ಮೆ ಬರೆದೇ ಬಿಡೋಣವೆಂದು ಕುಳಿತಿದ್ದೇವೆ.

ಹಳೆಯ ಗಾಡಿ ಎಂದರೆ ಯಾವುದು? ೧೯೮೩ರಲ್ಲಿ ಬಂದ ಮಾರುತಿ ೮೦೦ ತಯಾರಾಗುವುದು ೨೦೧೪ರಲ್ಲಿ ನಿಂತಿತು. ಅದೇ ವರ್ಷ ಅಂಬಾಸಡರ್ ಕೂಡ ನಿಂತಿತು. ಮುಂಬಯಿಯ ಬೀದಿಗಳಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ ೨೦೨೩ರ ಅಕ್ಟೋಬರಿಗೆ ಮುಗಿಯಿತು. ಆದರೆ ಇವುಗಳ ಓರಗೆಯ ಗಾಡಿಗಳನ್ನು, ೧೫ ವರ್ಷ ತುಂಬಿದ ಮೇಲೆ ಮರುನೋಂದಣಿ ಮಾಡಿಸಿಕೊಂಡು, ಅಕ್ಕರೆಯಿಂದ ಇಟ್ಟುಕೊಂಡವರು ಇನ್ನೂ ಇದ್ದಾರೆ. ಈಚಿನ ಹಲವು ಗಾಡಿಗಳಲ್ಲಿ ಮುಳ್ಳೇ ಇಲ್ಲ, ಒಂದು ನೀಲಿ ದೀಪ, ಒಂದು ಕೆಂಪು ದೀಪ ಅಷ್ಟೆ. ಮುಳ್ಳಿದ್ದರೂ ಅದನ್ನು ಆಡಿಸುವುದು ಗಾಡಿಯೊಳಗಿನ ಕಂಪ್ಯೂಟರು; ಸಣ್ಣಪುಟ್ಟ ಏರಿಳಿತವನ್ನು ಅದು ಮುಚ್ಚಿಟ್ಟು ಮುಳ್ಳನ್ನು ನಡುವೆಯೇ ಕೂಡಿಸುತ್ತದೆ. ಹಳೆಯ ಗಾಡಿಯ ಮುಳ್ಳಿಗೆ ಆ ಜಾಣತನವಿಲ್ಲ. ಕಿವಿಗೆ ಬಿದ್ದುದನ್ನೆಲ್ಲ ಹೇಳಿಬಿಡುತ್ತದೆ.

ನಮ್ಮಂಥ ಗುಮಾಸ್ತರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ ಒಂದಿದೆ: ವರದಿ ಬೇರೆ, ನಡೆದದ್ದು ಬೇರೆ. ಮುಳ್ಳು ತೋರಿಸುವುದು ವರದಿಯನ್ನು. ಅದು ಹುಟ್ಟುವುದು ಇಂಜಿನ್ನಿನ ನೀರಿನಲ್ಲಿ ಮೂತಿ ಮುಳುಗಿಸಿಕೊಂಡು ಕುಳಿತ ಒಂದು ಸಣ್ಣ ಹಿತ್ತಾಳೆಯ ತುಂಡಿನಲ್ಲಿ. ಮೆಕ್ಯಾನಿಕ್ಕರು ಇದನ್ನು ಸೆನ್ಸರ್ ಎನ್ನುತ್ತಾರೆ. ನೀರು ಕಾದಂತೆಲ್ಲ ಅದರೊಳಗಿನ ವಿದ್ಯುತ್ ತಡೆ ಕಡಿಮೆಯಾಗುತ್ತದೆ, ತಂತಿಯಲ್ಲಿ ಹರಿಯುವ ವಿದ್ಯುತ್ತು ಹೆಚ್ಚುತ್ತದೆ, ಮುಳ್ಳು ಮೇಲೇರುತ್ತದೆ. ಬಹಳಷ್ಟು ಹಳೆಯ ಗಾಡಿಗಳಲ್ಲಿ ಸೆನ್ಸರಿಗೆ ಒಂದೇ ತಂತಿ. ಹಿಂದಿರುಗುವ ದಾರಿ ಇಂಜಿನ್ನಿನ ಮೈಯೇ. ಆದ್ದರಿಂದ ತಂತಿ ಕಡಿದರೆ ಮುಳ್ಳು ತಣ್ಣಗಿನ ತುದಿಗೆ ಬೀಳುತ್ತದೆ; ತಂತಿಯ ಸಿಪ್ಪೆ ಸವೆದು ಲೋಹಕ್ಕೆ ತಗುಲಿದರೆ ಬಿಸಿಯ ತುದಿಗೆ ನೆಗೆಯುತ್ತದೆ. ಎರಡೂ ಸಂದರ್ಭದಲ್ಲಿ ನೀರು ತನ್ನ ಪಾಡಿಗೆ ತಾನು ಇದ್ದಂತೆಯೇ ಇರುತ್ತದೆ.

ಇದರಿಂದ ಮೊದಲ ಸೂತ್ರ ಹೊರಡುತ್ತದೆ. ಮನೆಯ ಹಂಡೆಯನ್ನು ನೆನೆಸಿಕೊಳ್ಳಿ. ಹಂಡೆಯ ನೀರು ಕಾಯುವುದಕ್ಕೂ ಹೊತ್ತು ಬೇಕು, ಆರುವುದಕ್ಕೂ ಹೊತ್ತು ಬೇಕು. ಚಿಕ್ಕ ಕಾರಿನಲ್ಲಿಯೂ ಮೂರು ನಾಲ್ಕು ಲೀಟರು ನೀರಿರುತ್ತದೆ, ಸುತ್ತ ಮಣಗಟ್ಟಲೆ ಲೋಹವಿರುತ್ತದೆ. ಅದೆಲ್ಲ ಹತ್ತು ಸೆಕೆಂಡಿನಲ್ಲಿ ನಲವತ್ತು ಡಿಗ್ರಿ ಏರಲಾರದು, ಇಳಿಯಲಾರದು. ಮುಳ್ಳು ಅಷ್ಟು ಬೇಗ ಓಡಾಡಿದರೆ ದೋಷ ಸಾಮಾನ್ಯವಾಗಿ ತಂತಿಯ ಕಡೆಯದು. ನಿಮಿಷಗಟ್ಟಲೆ ತೆಗೆದುಕೊಂಡು ಏರಿದರೆ, ಅದೂ ಏರಿನಲ್ಲಿ ಏರಿ ಇಳಿಜಾರಿನಲ್ಲಿ ಇಳಿದರೆ, ಅದು ನೀರಿನ ಮಾತು, ನಂಬಲೇಬೇಕು. ಒಂದು ಎಚ್ಚರಿಕೆ: ಕೆಲವು ಹಳೆಯ ಮಾಪಕಗಳ ಒಳಗೆ ಕಾದಾಗ ಬಾಗುವ ಜೋಡುಲೋಹದ ಪಟ್ಟಿಯಿರುತ್ತದೆ. ಅವುಗಳ ಮುಳ್ಳು ಸ್ವಭಾವತಃ ಸಾವಕಾಶಿ. ತಂತಿ ಕಡಿದ ಮೇಲೂ ಕೆಳಗಿಳಿಯಲು ಅರ್ಧ ನಿಮಿಷ ಮಾಡಬಹುದು.

ನಮ್ಮ ಕಟ್ಟಡದ ಹಿರಿಯರೊಬ್ಬರ ೧೯೯೮ರ ಕಾರಿನ ಸಂಗತಿ ಇಲ್ಲಿ ಹೇಳತಕ್ಕದ್ದು. ಹಗಲಲ್ಲಿ ಮುಳ್ಳು ನಡುವೆ ನಿಲ್ಲುತ್ತಿತ್ತು. ಸಂಜೆ ದೀಪ ಹಾಕಿದೊಡನೆ ಕೆಂಪು ಗೆರೆಗೆ ತಾಗುತ್ತಿತ್ತು. ಅವರು ತೋರಿಸಿದ ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ನು ಬಿಚ್ಚಬೇಕು, ಇಪ್ಪತ್ತೆರಡು ಸಾವಿರವಾದೀತು ಎಂದರಂತೆ. ಪಿಂಚಣಿಯಲ್ಲಿ ಬದುಕುವವರಿಗೆ ಅದು ಸಣ್ಣ ಮೊತ್ತವಲ್ಲ. ಗಾಡಿ ಗುಜರಿಗೆ ಹಾಕಿ, ಮೊಮ್ಮಗಳ ನಾಮಕರಣಕ್ಕೆ ರೈಲಿನಲ್ಲೇ ಹೋಗುತ್ತೇವೆಂದು ಅವರು ತೀರ್ಮಾನಿಸಿಯೇ ಬಿಟ್ಟಿದ್ದರು. ರೈಲಿನಲ್ಲಿ ಜಾಗವಿರಲಿಲ್ಲ ಎನ್ನುವುದು ಬೇರೆ ಮಾತು.

ಮರುದಿನ ಬೆಳಿಗ್ಗೆ ಇಂಜಿನ್ನು ತಣ್ಣಗಿರುವಾಗಲೇ ಹೋಗಿ ಕೀಲಿ ತಿರುಗಿಸಿದೆವು. ಇಂಜಿನ್ನು ಚಾಲೂ ಮಾಡಲಿಲ್ಲ. ಮುಳ್ಳು ತಳದಲ್ಲಿತ್ತು. ಮುಂದಿನ ದೀಪ ಹಾಕಿದೆವು. ಮುಳ್ಳು ಮೆಲ್ಲಗೆ ಎದ್ದಿತು! ರಾತ್ರಿಯೆಲ್ಲ ಆರಿದ ಇಂಜಿನ್ನು ದೀಪ ಹಾಕಿದ್ದಕ್ಕೆ ಕಾಯುವುದುಂಟೇ? ಅದಕ್ಕಿಂತ ತಮಾಷೆಯೆಂದರೆ ಪಕ್ಕದ ಪೆಟ್ರೋಲಿನ ಮುಳ್ಳೂ ಅದರ ಜೊತೆಗೇ ಏರಿತು. ದೀಪ ಹಾಕಿದ ಮಾತ್ರಕ್ಕೆ ಟ್ಯಾಂಕಿನಲ್ಲಿ ಪೆಟ್ರೋಲು ಹೆಚ್ಚುವುದಾದರೆ ನಮ್ಮಂಥ ಸಂಬಳಗಾರರ ಬಾಳು ಎಷ್ಟು ಸುಖವಾಗುತ್ತಿತ್ತು! ಎರಡು ಮುಳ್ಳುಗಳು ಒಟ್ಟಿಗೆ ಸುಳ್ಳು ಹೇಳಿದರೆ ಎರಡಕ್ಕೂ ಸಮಾನವಾದ ದಾರಿಯಲ್ಲಿ ದೋಷವಿರಬೇಕು. ಒಂದೋ ಮಾಪಕಗಳಿಗೆ ವಿದ್ಯುತ್ತನ್ನು ಹದವಾಗಿ ಕೊಡುವ ಪುಟ್ಟ ನಿಯಂತ್ರಕ, ಇಲ್ಲವೇ ಫಲಕದ ಹಿಂದಿನಿಂದ ಗಾಡಿಯ ಮೈಗೆ ಹೋಗುವ ಅರ್ಥಿಂಗ್ ತಂತಿ. ಪರೀಕ್ಷೆಗೆಂದು ಫಲಕದ ಆ ತಂತಿಯ ತುದಿಯಿಂದ ಬ್ಯಾಟರಿಯ ಋಣ ತುದಿಗೆ ಒಂದು ಉದ್ದನೆಯ ತಂತಿ ಎಳೆದು ನೋಡಿದೆವು. ದೀಪ ಹಾಕಿದರೂ ಮುಳ್ಳು ಅಲುಗಲಿಲ್ಲ. ತಂತಿ ಸೇರುವ ಬೋಲ್ಟು ಬಿಚ್ಚಿದಾಗ ಅದರಡಿಯಲ್ಲಿ ತುಕ್ಕಿನ ಹುಡಿ ಉದುರಿತು. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಮುಂಬಯಿಯಲ್ಲಿ ಇಪ್ಪತ್ತೈದು ವರ್ಷ ನಿಂತ ಗಾಡಿಯಲ್ಲಿ ಬೇರೇನು ಸಿಕ್ಕೀತು? ಉಪ್ಪುಕಾಗದದಿಂದ ಉಜ್ಜಿ, ಬೋಲ್ಟು ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದೆವು. ಖರ್ಚು ಎಂದರೆ ಉಪ್ಪುಕಾಗದದ ಬೆಲೆ.

ಉಷ್ಣದ ಮುಳ್ಳು ಒಂದೇ ಕುಣಿಯುತ್ತಿದ್ದರೆ ಸೆನ್ಸರಿನ ಬಳಿಗೆ ಹೋಗಬೇಕು. ಒಂದೇ ತಂತಿಯ ಹಳೆಯ ಸೆನ್ಸರಾದರೆ ತಂತಿಯನ್ನು ಕಳಚಿ, ಕೀಲಿ ತಿರುಗಿಸಿ. ಮುಳ್ಳು ತಣ್ಣಗಿನ ತುದಿಯಲ್ಲಿ ನಿಲ್ಲಬೇಕು. ತಂತಿಯ ತುದಿಯನ್ನು ಇಂಜಿನ್ನಿನ ಲೋಹಕ್ಕೆ ಕ್ಷಣಮಾತ್ರ ತಗುಲಿಸಿದರೆ ಮುಳ್ಳು ಮೇಲಕ್ಕೆ ಹೊರಡಬೇಕು. ಹೊರಟೊಡನೆ ತೆಗೆಯಿರಿ, ಹಿಡಿದೇ ನಿಂತರೆ ಮಾಪಕ ಸುಟ್ಟೀತು. ನಡುವೆ ಒಂದು ಸಣ್ಣ ಬಲ್ಬು ಸೇರಿಸಿಕೊಂಡರೆ ಇನ್ನೂ ಕ್ಷೇಮ. ಎರಡು ತಂತಿಯ ಸೆನ್ಸರು ಕಂಪ್ಯೂಟರಿಗೆ ಸೇರಿದ್ದಿರಬಹುದು, ಅದನ್ನು ಮುಟ್ಟಬೇಡಿ. ಮುಳ್ಳು ಹೇಳಿದಂತೆ ಕೇಳಿದರೆ ಮಾಪಕವೂ ತಂತಿಯೂ ನೆಟ್ಟಗಿವೆ, ಸೆನ್ಸರನ್ನು ವಿಚಾರಿಸಬೇಕು ಎಂದು ತಿಳಿಯಿರಿ. ಅದನ್ನು ಬಿಚ್ಚಿ ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಮಲ್ಟಿಮೀಟರ್ ಹಿಡಿದರೆ, ನೀರು ಕಾದಂತೆ ಅಂಕಿ ಎಲ್ಲೂ ಜಿಗಿಯದೆ ಇಳಿಯುತ್ತ ಬರಬೇಕು. ಹಳೆಯ ಸೆನ್ಸರಿನ ಮೂತಿಗೆ ಹಲವು ಸಲ ಸುಣ್ಣ ಮೆತ್ತಿರುತ್ತದೆ. ಕೊಳವೆಬಾವಿಯ ಗಡಸು ನೀರು ತುಂಬಿದ್ದರ ಫಲ. ಇನ್ನೊಂದು ಸೂಕ್ಷ್ಮ: ಸೋರಬಾರದೆಂದು ಅದರ ಮರೆಗೆ ಬಿಳಿಯ ಟೆಫ್ಲಾನ್ ಟೇಪನ್ನು ಸುತ್ತಿ ಸುತ್ತಿ ಹಾಕುವವರಿದ್ದಾರೆ. ಸೆನ್ಸರಿಗೂ ಇಂಜಿನ್ನಿಗೂ ಲೋಹ ಲೋಹ ತಾಗುವುದು ಆಗ ತಪ್ಪುತ್ತದೆ. ಹೊಸ ಸೆನ್ಸರು ಹಾಕಿದರೂ ಮುಳ್ಳು ಮಲಗಿಯೇ ಇರುತ್ತದೆ.

ಇಲ್ಲಿಯವರೆಗೆ ಓದಿ, ಕುಣಿಯುವ ಮುಳ್ಳನ್ನು ಅಲಕ್ಷ್ಯ ಮಾಡಬಹುದೆಂದು ವಾಚಕರು ತಿಳಿದುಬಿಟ್ಟರೆ ದೊಡ್ಡ ಅನಾಹುತವಾದೀತು. ಮೇಲಿನ ಸೂತ್ರಕ್ಕೆ ಒಂದು ಅಪವಾದವಿದೆ, ಇಂಜಿನ್ನುಗಳನ್ನು ಕೊಲ್ಲುವುದು ಅದೇ. ಸೆನ್ಸರು ನೀರಿನಲ್ಲಿ ಮುಳುಗಿದ್ದರೆ ಮಾತ್ರ ನೀರಿನ ಸುದ್ದಿ ಹೇಳೀತು. ನೀರು ಸೋರಿಹೋಗಿ ಅದರ ಸುತ್ತ ಗಾಳಿಯೋ ಹಬೆಯೋ ತುಂಬಿಕೊಂಡರೆ, ಹಬೆಯ ಅಲೆ ತಾಗಿದಾಗ ಮುಳ್ಳು ನೆಗೆಯುತ್ತದೆ, ಬರಿಯ ಗಾಳಿ ನಿಂತಾಗ ಬೀಳುತ್ತದೆ. ನೀರೆಲ್ಲ ಬತ್ತಿದ ಇಂಜಿನ್ನು ಕೆಂಡವಾಗುತ್ತಿರುವಾಗಲೇ ಮುಳ್ಳು ತಣ್ಣಗಿದೆ ಎಂದು ಹೇಳಬಹುದು. ಏರಿನಲ್ಲಿ ಮೇಲೇರಿದ ಮುಳ್ಳು ಕೆಳಗೆ ಬಿದ್ದಾಗ “ಸದ್ಯ, ಆರಿತು” ಎಂದು ಉಸಿರುಬಿಟ್ಟು ಮುಂದೆ ಸಾಗಿದವರ ಇಂಜಿನ್ನಿನ ತಲೆ ಡೊಂಕಾಗುವುದು ಹೀಗೆಯೇ. ಅಲ್ಯೂಮಿನಿಯಮ್ ತಲೆ ಈ ಬಿಸಿಯನ್ನು ತಡೆದುಕೊಳ್ಳಲಾರದು.

ಹಾಗಾದರೆ ದಾರಿಯಲ್ಲಿ ಗುರುತಿಸುವುದು ಹೇಗೆ? ಹೀಟರ್ ಇರುವ ಗಾಡಿಯಾದರೆ ಅದನ್ನು ಬಿಸಿಗೆ ತಿರುಗಿಸಿ ಕೈಯೊಡ್ಡಿ ನೋಡಿ. ಇಂಜಿನ್ನು ಚೆನ್ನಾಗಿ ಓಡಿದ ಮೇಲೂ ತಣ್ಣನೆಯ ಗಾಳಿ ಬಂದರೆ ಒಳಗೆ ನೀರು ಸುತ್ತುತ್ತಿಲ್ಲ. ಮುಳ್ಳು ಏನೇ ಹೇಳಲಿ, ನಿಲ್ಲಿಸಿ. ಫಲಕದ ಹಿಂದೆ ಗುಳುಗುಳು ಸದ್ದು, ಸಿಹಿಯಾದ ಒಂದು ವಾಸನೆ, ಏರಿನಲ್ಲಿ ಗಾಡಿಯ ಕಸುವು ಕುಗ್ಗುವುದು, ಇವೂ ಅದೇ ಸುದ್ದಿಯನ್ನು ತರುತ್ತವೆ. ಈಚೆಗೆ ನೀರು ಬದಲಾಯಿಸಿದ್ದರೆ, ಒಳಗಿನ ಗಾಳಿಯನ್ನು ಸರಿಯಾಗಿ ಹೊರಗೆ ಬಿಟ್ಟಿಲ್ಲದಿರಬಹುದು. ಬದಲಾಯಿಸದೆಯೇ ನೀರು ಕಡಿಮೆಯಾಗುತ್ತಿದ್ದು, ಹೊರಗೆಲ್ಲೂ ಸೋರಿಕೆ ಕಾಣದೆ, ಇಂಜಿನ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಆಗ ಮಾತ್ರ ಹೆಡ್ ಗ್ಯಾಸ್ಕೆಟಿನ ಮಾತು ನಿಜವಿದ್ದೀತು.

ಮನೆಯಲ್ಲಿ ಸಂಶಯ ತೀರಿಸಿಕೊಳ್ಳಲು ಉಷ್ಣತೆಯನ್ನೇ ಅಳೆಯುವುದು ಮೇಲು. ದೂರದಿಂದ ಬಿಸಿ ಅಳೆಯುವ ಕೈಪಿಸ್ತೂಲಿನಂಥ ಸಾಧನ ಈಗ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ೨೦೨೦ರ ಕೊರೋನಾ ದಿನಗಳಲ್ಲಿ ನಮ್ಮ ಹಣೆಗೆ ಗುರಿಯಿಟ್ಟ ಸಾಧನವನ್ನು ತರಬೇಡಿ; ಅದು ಮನುಷ್ಯರ ಜ್ವರಕ್ಕೆ ಮಾತ್ರ ಮಾಡಿದ್ದು. ಕಾದ ಇಂಜಿನ್ನಿನಲ್ಲಿ ಸೆನ್ಸರಿನ ಬಳಿ ೮೦ರಿಂದ ೯೫ ಡಿಗ್ರಿ ಸೆಲ್ಸಿಯಸ್ ತೋರಿದರೆ, ಮುಳ್ಳು ಕೆಂಪಿನಲ್ಲಿದ್ದರೂ ಗಾಬರಿಯಿಲ್ಲ.

ಥರ್ಮೋಸ್ಟಾಟಿನ ವಿಷಯವಾಗಿ ಎರಡು ಮಾತು. ನೀರು ಸುಮಾರು ೮೨ ಡಿಗ್ರಿ ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಟ್ಟು ಆಮೇಲೆ ತೆರೆಯುವ ಬಾಗಿಲು ಇದು. ಬಾಗಿಲು ಅಂಟಿಕೊಂಡು ತಡವಾಗಿ ತೆರೆದರೆ ಮುಳ್ಳು ಮೇಲಕ್ಕೆ ಹೋಗಿ ನಿಧಾನವಾಗಿ ಇಳಿಯುತ್ತದೆ. ನಮ್ಮ ದೇಶ ಬಿಸಿ, ಇದೇಕೆ ಎಂದು ಕಿತ್ತು ಎಸೆಯುವ ಮೆಕ್ಯಾನಿಕ್ಕರು ಬಹಳ. ನಮಗೆ ಇದು ಸರಿಕಾಣುವುದಿಲ್ಲ. ಕಿತ್ತ ಮೇಲೆ ಹೆದ್ದಾರಿಯಲ್ಲಿ ಮುಳ್ಳು ತಳಕ್ಕೆ, ಸಿಗ್ನಲಿನಲ್ಲಿ ಮೇಲಕ್ಕೆ ಓಡಾಡುತ್ತದೆ. ಇಂಜಿನ್ನು ಹದಕ್ಕೆ ಕಾಯದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಹೊಸದು ಹಾಕಿಸಿಕೊಳ್ಳಿ, ದುಬಾರಿಯಲ್ಲ.

ಘಾಟಿನಲ್ಲಿ ಮುಳ್ಳು ನಿಧಾನವಾಗಿ, ನಿಜವಾಗಿಯೇ ಏರಿದರೆ ಏ.ಸಿ. ಆರಿಸಿ, ಹೀಟರಿದ್ದರೆ ಪೂರ್ಣ ಬಿಡಿ, ಮಕ್ಕಳು ಗೊಣಗಿದರೂ ಚಿಂತೆಯಿಲ್ಲ. ಜಾಗ ನೋಡಿ ಬದಿಗೆ ನಿಲ್ಲಿಸಿ. ಹಬೆ ಕಂಡರೆ ಇಂಜಿನ್ನು ಕೂಡಲೇ ಆರಿಸಿ. ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಬಿರಿದೀತು. ರೇಡಿಯೇಟರಿನ ಮುಚ್ಚಳದ ಮೇಲೆ ೦.೯ ಎಂದು ಬರೆದಿದ್ದರೆ, ಆ ಒತ್ತಡದಲ್ಲಿ ಒಳಗಿನ ನೀರು ಸುಮಾರು ೧೧೮ ಡಿಗ್ರಿಯವರೆಗೆ ಕುದಿಯದೆ ಕಾದಿರಬಲ್ಲದು. ಮುಚ್ಚಳ ತೆರೆದ ಕ್ಷಣವೇ ಅದು ಹಬೆಯಾಗಿ ಮುಖಕ್ಕೆ ರಾಚುತ್ತದೆ. ಆದ್ದರಿಂದ ಅರ್ಧ ಗಂಟೆಯಾದರೂ ಅದಕ್ಕೆ ಕೈ ಹಚ್ಚಬೇಡಿ. ಅಷ್ಟರಲ್ಲಿ ಹಿರಿಯರನ್ನು ನೆರಳಿನಲ್ಲಿ ಕೂಡಿಸಿ, ರೊಟ್ಟಿಯ ಬುತ್ತಿ ಬಿಚ್ಚಿಕೊಳ್ಳಬಹುದು.