ಕುಲುಮೆ ಆರಿದರೆ ಉಕ್ಕು ನಿಂತಂತೆಯೇ?

‘ಭಾರತದಲ್ಲಿ ಫ್ಯಾಕ್ಟರಿಗಳ ಕಾಲ ಮುಗಿಯಿತು’ ಎಂಬ ಮಾತನ್ನು ಕರ್ನಾಟಕದವರು ಬೇಗ ನಂಬುತ್ತಾರೆ. ಅದಕ್ಕೆ ಕಾರಣವೂ ಇದೆ. ಬೆಂಗಳೂರಿನ ಎನ್‌ಜಿಇಎಫ್ ಕಾರ್ಖಾನೆ 2002ರಲ್ಲಿ ಬಾಗಿಲು ಹಾಕಿತು. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಂತೂ ಕೆಲಸ ಆರಂಭಿಸಿ ನೂರು ವರ್ಷ ತುಂಬಿದ ತಿಂಗಳಲ್ಲೇ, 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಇದನ್ನೆಲ್ಲ ಕಣ್ಣಾರೆ ಕಂಡವರು ತಯಾರಿಕೆ ಸಾಯುತ್ತಿದೆ ಎಂದರೆ ತಪ್ಪು ಅವರದಲ್ಲ. ಆದರೂ ಆ ಮಾತು ನಿಜವಲ್ಲ. ನಮ್ಮ ತಯಾರಿಕೆಗೆ ಇರುವ ಕಾಯಿಲೆ ಬೇರೆ.

ಉಕ್ಕಿನ ಲೆಕ್ಕವನ್ನೇ ನೋಡಿ. 2000ರಲ್ಲಿ ದೇಶ ತಯಾರಿಸಿದ್ದು ಸುಮಾರು 2.7 ಕೋಟಿ ಟನ್ ಕಚ್ಚಾ ಉಕ್ಕು. 2023ರ ಹೊತ್ತಿಗೆ ಅದು 14 ಕೋಟಿ ಟನ್ ದಾಟಿತ್ತು. 2018ರಲ್ಲೇ ಜಪಾನನ್ನು ಹಿಂದಿಕ್ಕಿದ ಭಾರತ ಈಗ ಚೀನಾದ ನಂತರ ಎರಡನೆಯ ಸ್ಥಾನದಲ್ಲಿದೆ. ಒಂದು ಕಾಲಕ್ಕೆ ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ಬೆಟ್ಟ ಇಳಿದು ಭದ್ರಾವತಿಯ ಕುಲುಮೆಗೆ ಹೋಗುತ್ತಿತ್ತು. ಸ್ವಂತ ಗಣಿಯ ಅದಿರೂ ಹೊಸ ಬಂಡವಾಳವೂ ಇಲ್ಲದೆ ಆ ಕುಲುಮೆ ಆರಿತು. ಇತ್ತ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ, ಅದಿರಿನ ಮಗ್ಗುಲಲ್ಲೇ ಎದ್ದ ಕಾರ್ಖಾನೆ ವರ್ಷಕ್ಕೆ ಕೋಟಿ ಟನ್‌ಗೂ ಹೆಚ್ಚು ಉಕ್ಕು ತಯಾರಿಸುವಷ್ಟು ಬೆಳೆದಿದೆ. ಭದ್ರಾವತಿಯ ನಷ್ಟ ಅಲ್ಲಿನ ಮನೆಮನೆಗೂ ತಟ್ಟಿದ ನಷ್ಟ, ಅದನ್ನು ತೋರಣಗಲ್ಲು ತುಂಬಿಕೊಡುವುದಿಲ್ಲ. ಆದರೆ ಒಂದು ಊರಿನ ಸಂಕಟವನ್ನು ಇಡೀ ದೇಶದ ಉದ್ಯಮದ ಅವನತಿ ಎಂದು ಓದಬಾರದು.

‘ಜಿಡಿಪಿಯಲ್ಲಿ ತಯಾರಿಕೆಯ ಪಾಲು ಕುಸಿದಿದೆಯಲ್ಲ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆಯಾ ವರ್ಷದ ಬೆಲೆಯಲ್ಲಿ ಲೆಕ್ಕ ಹಾಕಿದರೆ 2011-12ರಲ್ಲಿ ಶೇ 17ರ ಆಸುಪಾಸಿನಲ್ಲಿದ್ದ ಪಾಲು ಹತ್ತು-ಹನ್ನೆರಡು ವರ್ಷಗಳಲ್ಲಿ ಶೇ 14ರ ಹತ್ತಿರಕ್ಕೆ ಇಳಿದಿದೆ. ಆದರೆ 2011-12ರ ಬೆಲೆಯನ್ನೇ ಸ್ಥಿರವಾಗಿಟ್ಟುಕೊಂಡು ಅಳೆದರೆ ಅದು ಶೇ 17ರ ಸುತ್ತಲೇ ನಿಂತಿದೆ. ಈ ವ್ಯತ್ಯಾಸದ ಗುಟ್ಟು ಬೆಲೆಯಲ್ಲಿದೆ. ಹತ್ತು ವರ್ಷದಲ್ಲಿ ಮಕ್ಕಳ ಶಾಲೆಯ ಫೀಸು, ಆಸ್ಪತ್ರೆಯ ಬಿಲ್ಲು ಏರಿದಷ್ಟು ಟಿವಿಯ ಬೆಲೆ ಏರಿಲ್ಲ. ಸೇವೆ ತುಟ್ಟಿಯಾಗಿ ಸರಕು ಅಗ್ಗವಾದಾಗ, ಫ್ಯಾಕ್ಟರಿಯಿಂದ ಎಷ್ಟೇ ಮಾಲು ಹೊರಬಂದರೂ ರೂಪಾಯಿ ಲೆಕ್ಕದಲ್ಲಿ ಅದರ ಪಾಲು ಸಣ್ಣದಾಗಿ ಕಾಣುತ್ತದೆ. ಜೊತೆಗೆ ಕ್ಯಾಂಟೀನು, ಸೆಕ್ಯುರಿಟಿ, ಸಾಗಣೆ ಮೊದಲೆಲ್ಲ ಕಾರ್ಖಾನೆಯ ಲೆಕ್ಕದಲ್ಲೇ ಇರುತ್ತಿದ್ದವು. ಹೊರಗಿನ ಏಜೆನ್ಸಿಗೆ ವಹಿಸಿದ ದಿನದಿಂದ ಅದೇ ಕೆಲಸ, ಅದೇ ಆವರಣದಲ್ಲಿ ನಡೆದರೂ, ಸೇವಾ ವಲಯದ ಖಾತೆಗೆ ಹೋಗುತ್ತದೆ. ಒಟ್ಟಿನಲ್ಲಿ 2011-12ರಿಂದ 2023-24ರ ನಡುವೆ ತಯಾರಿಕಾ ವಲಯ ಹೆಚ್ಚುಕಡಿಮೆ ದುಪ್ಪಟ್ಟಾಗಿದೆ. ಉಳಿದ ಆರ್ಥಿಕತೆಯ ಜೊತೆಗೇ ನಡೆದಿದೆ, ಅದನ್ನು ದಾಟಿ ಮುಂದೆ ಹೋಗಿಲ್ಲ. 2011ರ ರಾಷ್ಟ್ರೀಯ ತಯಾರಿಕಾ ನೀತಿ ಹಾಕಿಕೊಂಡ ಗುರಿ 2022ರೊಳಗೆ ಶೇ 25ರ ಪಾಲು. ಅಲ್ಲಿಗೆ ನಾವು ಮುಟ್ಟಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಹೆಮ್ಮೆಯೂ ಇದೆ: ‘ಐಫೋನ್ ನಮ್ಮಲ್ಲೇ ತಯಾರಾಗುತ್ತದೆ, ಇನ್ನೇನು ಬೇಕು?’ ಕೋಲಾರದ ನರಸಾಪುರದಲ್ಲಿ ಫೋನ್ ಜೋಡಣೆಯಾಗುತ್ತಿರುವುದು ನಿಜ, ಸಂತೋಷದ ವಿಷಯವೂ ಹೌದು. ಆದರೆ ಒಳಗಿನ ಚಿಪ್ಪು, ಪರದೆಯಂಥ ದುಬಾರಿ ಭಾಗಗಳು ಬಹುಪಾಲು ಬರುವುದು ಹೊರದೇಶದಿಂದ. ಪೆಟ್ಟಿಗೆಯ ಮೇಲಿನ ಬೆಲೆಯನ್ನೆಲ್ಲ ನಮ್ಮ ಉತ್ಪಾದನೆ ಎಂದು ಎಣಿಸಬಾರದು, ಇಲ್ಲಿ ಸೇರಿದ ಮೌಲ್ಯವನ್ನಷ್ಟೇ ಎಣಿಸಬೇಕು. ಜೋಡಣೆ ಕೀಳು ಕೆಲಸ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಚೀನಾ ಕೂಡ ಜೋಡಣೆಯಿಂದ ಶುರುಮಾಡಿ ಬಿಡಿಭಾಗಗಳತ್ತ ಹೋಯಿತು.

ನನ್ನನ್ನು ಕಾಡುವುದು ಉದ್ಯೋಗದ ಪ್ರಶ್ನೆ. ಉತ್ಪಾದನೆ ಬೆಳೆದರೆ ಕೆಲಸವೂ ಬೆಳೆಯುತ್ತದೆ ಎಂಬುದು ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ. ಅಮೆರಿಕದ ಕಾರ್ಖಾನೆಗಳಲ್ಲಿ 1979ರಲ್ಲಿ 1.9 ಕೋಟಿಗೂ ಹೆಚ್ಚು ಜನ ದುಡಿಯುತ್ತಿದ್ದರು. 2010ರ ಹೊತ್ತಿಗೆ ಉಳಿದವರು ಸುಮಾರು 1.15 ಕೋಟಿ. ಅಷ್ಟರಲ್ಲಿ ಅಲ್ಲಿನ ಉತ್ಪಾದನೆ ಮಾತ್ರ ಏರಿತ್ತು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲೂ ಇದನ್ನು ಕಾಣಬಹುದು. ಲೇತ್ ಮುಂದೆ ಒಬ್ಬೊಬ್ಬರು ನಿಂತು ಕೈಯಿಂದ ಚಕ್ರ ತಿರುಗಿಸುತ್ತಿದ್ದಲ್ಲಿ ಈಗ ಒಬ್ಬನೇ ಹುಡುಗ ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ ಮೆಷಿನ್ ನೋಡಿಕೊಳ್ಳುತ್ತಾನೆ. ಬಿಡಿಭಾಗವನ್ನು ಸಿಕ್ಕಿಸಿ, ಬಾಗಿಲು ಮುಚ್ಚಿ, ಬಟನ್ ಒತ್ತಿ, ಅದು ಕೊರೆದು ಮುಗಿಸುವಷ್ಟರಲ್ಲಿ ಪಕ್ಕದ ಮೆಷಿನ್‌ನಿಂದ ಸಿದ್ಧ ಮಾಲು ತೆಗೆದು ಗೇಜ್ ಹಿಡಿದು ಅಳತೆ ನೋಡುತ್ತಾನೆ.

ಅಮೆರಿಕ ಈ ಹಂತಕ್ಕೆ ಬರುವ ಮುಂಚೆ ಅದರ ಹಳ್ಳಿಗರು ಎಂದೋ ಹೊಲ ಬಿಟ್ಟು ಫ್ಯಾಕ್ಟರಿ ಸೇರಿ ಸಂಬಳ ಕಂಡಿದ್ದರು. ನಮ್ಮಲ್ಲಿ ದುಡಿಯುವವರ ಪೈಕಿ ಶೇ 45ರ ಹತ್ತಿರ ಜನ ಇನ್ನೂ ಬೇಸಾಯದಲ್ಲಿದ್ದಾರೆ, ತಯಾರಿಕೆಯಲ್ಲಿರುವವರು ಸುಮಾರು ಶೇ 11 ಮಾತ್ರ. ಹೆಚ್ಚು ಕೈಗಳಿಗೆ ಕೆಲಸ ಕೊಡುವ ಸಿದ್ಧ ಉಡುಪಿನ ರಫ್ತಿನಲ್ಲಿ ಪುಟ್ಟ ಬಾಂಗ್ಲಾದೇಶ ನಮ್ಮ ಎರಡು ಪಟ್ಟಿಗೂ ಮೇಲಿದೆ. ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ 2023-24ರಲ್ಲಿ ಇದ್ದವರು ಸುಮಾರು 1.95 ಕೋಟಿ ಜನ. ಅಲ್ಲಿನ ಕಾರ್ಮಿಕರಲ್ಲಿ ಹತ್ತಕ್ಕೆ ನಾಲ್ವರು ಗುತ್ತಿಗೆಯವರು. 2000ರ ಸುಮಾರಿಗೆ ಆ ಲೆಕ್ಕ ಹತ್ತಕ್ಕೆ ಇಬ್ಬರಷ್ಟಿತ್ತು. ಐಟಿಐ ಮುಗಿಸಿ ಕಂಪನಿ ಗೇಟಿಗೆ ಬಂದ ಹುಡುಗನಿಗೆ ಕಾಯಂ ನೌಕರಿಯ ಬದಲು ಏಜೆನ್ಸಿಯ ಗುರುತಿನ ಚೀಟಿ ಸಿಗುತ್ತದೆ. ಕೆಲವು ತಿಂಗಳ ನಂತರ ಅದರ ಅವಧಿ ಮುಗಿಯುತ್ತದೆ. ಅವನು ಊರಿಗೆ ಹಿಂದಿರುಗಿದಾಗಲೂ ಆ ಕಾರ್ಖಾನೆ ಮೂರು ಶಿಫ್ಟಿನಲ್ಲಿ ನಡೆಯುತ್ತಲೇ ಇರುತ್ತದೆ.