ಮಾತು ನಾಟುವುದು ಯಾವಾಗ?

ಪ್ರಶ್ನೆ: ಊರಿನ ವೇದಿಕೆಯಲ್ಲಿ ಒಬ್ಬರ ಭಾಷಣ ಹಿಡಿದು ಕೂರಿಸುತ್ತದೆ, ಇನ್ನೊಬ್ಬರದು ಆಕಳಿಕೆ ತರಿಸುತ್ತದೆ. ಯಾಕೆ?
– ಓದುಗರು, ಹೊಳಲು, ಮಂಡ್ಯ

ಉತ್ತರ: ಗ್ರೀಕ್ ಚಿಂತಕ ಅರಿಸ್ಟಾಟಲ್ ಮೂರು ಕಾರಣ ಹೇಳಿದ್ದಾನೆ: ಮಾತಾಡುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನೊಳಗಿನ ತರ್ಕ. ನನ್ನ ಮಟ್ಟಿಗೆ ನಂಬಿಕೆಯೇ ಮೊದಲು. ಅದಕ್ಕೆ ಸಾಕ್ಷಿ ನಿಮ್ಮ ಜಿಲ್ಲೆಯಲ್ಲೇ ಇದೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ನಡೆಯಿತು. ತ್ರಿವರ್ಣ ಧ್ವಜ ಹಾರಿಸಬಾರದೆಂದು ಸರ್ಕಾರದ ನಿಷೇಧವಿತ್ತು. ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ಧ್ವಜ ಹಾರಿಸಿಯೇ ಬಂಧನಕ್ಕೊಳಗಾದರು. ಜೈಲಿಗೆ ಸಿದ್ಧರಾಗಿ ನಿಂತವರು ಸ್ವಾತಂತ್ರ್ಯದ ಬಗ್ಗೆ ಆಡಿದ ನಾಲ್ಕು ಮಾತಿಗೆ ಅಲಂಕಾರವೇ ಬೇಕಿರಲಿಲ್ಲ. ಜನರ ಕಣ್ಣೆದುರೇ ಅವರು ಬೆಲೆ ತೆರುತ್ತಿದ್ದರು.

ಸೋಲುವ ಭಾಷಣದ ದೋಷ ಬಹುಪಾಲು ಗಂಟಲಿನದಲ್ಲ. ಗಣ್ಯರ ಹೆಸರು ಓದುವುದರಲ್ಲೇ ಅರ್ಧ ಹೊತ್ತು ಕಳೆದಿರುತ್ತದೆ. ನಾಲೆಗೆ ನೀರು ಬಾರದೆ ಕಂಗಾಲಾದ ರೈತನ ಮುಂದೆ ದೇಶದ ಪ್ರಗತಿಯ ಅಂಕಿಅಂಶ ಸುರಿದಿರುತ್ತಾರೆ. ಎದುರಿಗೆ ಯಾರು ಕೂತಿದ್ದಾರೆ ಎಂದು ನೋಡಿರುವುದೇ ಇಲ್ಲ.

ಮುಂದಿನ ಸಲ ನೀವೇ ಮೈಕ್ ಹಿಡಿದರೆ ಒಂದೇ ವಿಷಯ ಆರಿಸಿಕೊಳ್ಳಿ, ನಿಮಗೆ ಚೆನ್ನಾಗಿ ಗೊತ್ತಿರುವುದನ್ನಷ್ಟೇ ಹೇಳಿ, ಹತ್ತು ನಿಮಿಷದೊಳಗೆ ಮುಗಿಸಿ.